ಮರಾಠಿಯಲ್ಲಿ ಅತ್ತ ಸಂಜೆ

ನಮ್ಮ ವರ್ತಕ ನಗರದ ಸೊಸೈಟಿ ಮೀಟಿಂಗಿಗೆ ವಾಚ್‌ಮನ್ ಯಾವಾಗಲೂ ಕುರ್ಚಿಗಳನ್ನು ಸಾಲಾಗಿ ಹಾಕುತ್ತಾನೆ. ಮೊನ್ನೆ ಭಾನುವಾರ ಯಾಕೋ ದುಂಡಗೆ ಹಾಕಿದ್ದ. ನೀರಿನ ಟ್ಯಾಂಕಿನ ವಿಷಯದಲ್ಲಿ ಜಗಳವಾಡಲೆಂದೇ ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಂಥ ದುಂಡಿನಲ್ಲಿ ಕೂತು ಎಷ್ಟೋ ವರ್ಷಗಳಾಗಿದ್ದವು.

ತೊಂಬತ್ತರ ದಶಕದ ಮಾತು. ನಾನಾಗ ಮುಂಬಯಿ ಪಕ್ಕದ ಠಾಣೆಯ ರೈಲ್ವೆ ಸ್ಟೇಷನ್ ಬಳಿಯ ಹೋಟೆಲೊಂದರಲ್ಲಿ ದುಡ್ಡು ಎಣಿಸುತ್ತ ಗಲ್ಲೆಯ ಮೇಲೆ ಕೂರುತ್ತಿದ್ದೆ. ನಮ್ಮ ಮಗ ಹರೀಶ ಐದು ವರ್ಷದವನಿರುವಾಗ ಜ್ವರ ಬಂದು ತೀರಿಕೊಂಡ. ಆಮೇಲೆ ನಾನೂ ಹೆಂಡತಿ ಸುಮತಿಯೂ ಅಳಲಿಲ್ಲ, ಜಗಳವಾಡಲೂ ಇಲ್ಲ. ಅಕ್ಕಿ, ಗ್ಯಾಸು, ಲೇಟಾದ ಲೋಕಲ್ಲು, ಇಷ್ಟೇ ಮಾತು. ಅವನ ಹೆಸರು ನಡುವೆ ಬಾರದಂತೆ ಮಾತಾಡುವುದನ್ನು ಇಬ್ಬರೂ ಚೆನ್ನಾಗಿ ಕಲಿತೆವು. ದಿನವಿಡೀ ಮೂಟೆ ಹೊತ್ತರೂ ಮನುಷ್ಯ ಅಷ್ಟು ದಣಿಯಲಿಕ್ಕಿಲ್ಲ, ನೋಡಿ.

ನಿದ್ದೆ ಬರುವುದಿಲ್ಲವೆಂದು ಹೋದರೆ ಡಾಕ್ಟರು, "ಗ್ರೂಪಿನಲ್ಲಿ ಕೂತು ಮಾತಾಡಿ" ಎಂದರು. ಎಂಥ ಗ್ರೂಪು ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಗಿರಾಕಿಯೊಬ್ಬ ಕೋಪರಿಯ ಶಾಲೆಯೊಂದರಲ್ಲಿ ಗ್ರೂಪು ಸೇರುತ್ತದೆ ಎಂದ. ಸುಮತಿಯನ್ನು ಕರೆದುಕೊಂಡು ಹೋದೆ. ಪಕ್ಕದವನು ಪ್ರೀತಿಯಿಂದ ಭುಜ ಹಿಡಿದು, "ಛೋಡ್ ಕೆ ಕಿತನಾ ದಿನ್ ಹುವಾ, ಶೆಟ್ಟಿ?" ಎಂದ. ಬಿಟ್ಟು ಎಷ್ಟು ದಿನವಾಯಿತೆಂದು. ಅದು ಕುಡಿತ ಬಿಡುವವರ ಗುಂಪು. ನಾನು ಕುಡಿಯುವವನಲ್ಲ ಎಂದದ್ದಕ್ಕೆ ಎಲ್ಲರೂ ಮರುಕದಿಂದ ತಲೆಯಾಡಿಸಿದರು. ಮೊದಮೊದಲು ಅವರೂ ಹಾಗೆಯೇ ಹೇಳುತ್ತಿದ್ದರಂತೆ! ಚಹಾ ಕುಡಿದು ಬಂದೆವು.

ಕಲ್ಯಾಣದ ಇನ್ನೊಂದು ಗುಂಪು ಕ್ಲಾಸಿನ ಹಾಗಿತ್ತು. ಒಬ್ಬ ಮೇಷ್ಟ್ರು ಹಲಗೆಯ ಮೇಲೆ ಚಿತ್ರ ಬರೆದು, ಮನಸ್ಸು ಕುಸಿದಾಗ ಉಸಿರು ಹೇಗೆ ಎಳೆದು ಬಿಡಬೇಕೆಂದು ಕಲಿಸುತ್ತಿದ್ದರು. ಕೆಟ್ಟದ್ದೇನಲ್ಲ, ಆ ಉಸಿರಾಟವನ್ನು ಇಂದಿಗೂ ಮಾಡುತ್ತೇನೆ. ಆದರೆ ಅಲ್ಲಿ ಎಲ್ಲರೂ ಹಲಗೆಯನ್ನು ನೋಡುತ್ತಿದ್ದರು, ಒಬ್ಬರನ್ನೊಬ್ಬರಲ್ಲ. ಕೊನೆಗೆ ಆ ಮೇಷ್ಟ್ರೇ, "ನಿಮಗೆ ಬೇಕಾದದ್ದು ಪಾಠವಲ್ಲ. ಕಳೆದುಕೊಂಡವರ ಗುಂಪೊಂದಿದೆ" ಎಂದು ಡೊಂಬಿವಲಿಯ ಮೇಡಮ್ಮೊಬ್ಬರ ವಿಳಾಸ ಕೊಟ್ಟರು.

ಮೇಡಂ ಮೊದಲು ನಮ್ಮಿಬ್ಬರನ್ನೇ ಕೂರಿಸಿಕೊಂಡರು. ಸುಮತಿ ಮೀನು ಕೊಳ್ಳುವಾಗಿನ ಧಾಟಿಯಲ್ಲೇ ಕೇಳಿದಳು: ಇದನ್ನು ಎಲ್ಲಿ ಕಲಿತಿರಿ? ಎಷ್ಟು ಜನ ಇರುತ್ತಾರೆ? ನಾವು ಹೇಳಿದ್ದು ಹೊರಗೆ ಹೋದರೆ? ನನಗೆ ನಾಚಿಕೆಯಾಯಿತು. ಮೇಡಂ ಬೇಸರಿಸದೆ ಒಂದೊಂದಕ್ಕೂ ಉತ್ತರಿಸಿದರು. ಪ್ರತಿವಾರ ಅದೇ ಏಳೆಂಟು ಮಂದಿ, ಇಲ್ಲಿಯ ಮಾತು ಇಲ್ಲಿಯೇ. "ಮಾತಾಡಲು ಆಗದಿದ್ದರೆ?" ಎಂದೆ ನಾನು. "ತರ್ ನುಸ್ತಂ ಬಸಾ" ಎಂದರು. ಹಾಗಾದರೆ ಸುಮ್ಮನೆ ಕೂತಿರಿ.

ಆ ದುಂಡಿನಲ್ಲಿ ಸುಮ್ಮನೆ ಕೂತೆವು, ವಾರಗಟ್ಟಲೆ. ಒಂದು ಸಂಜೆ ಸುಮತಿ ಇದ್ದಕ್ಕಿದ್ದಂತೆ, "ಮಾಝಾ ಹರೀಶ್..." ಎಂದಳು. ನನ್ನ ಹರೀಶ, ಎಂದು. ಚಾಳಿನ ನಲ್ಲಿಯ ಬಳಿ ಕಲಿತ ಮರಾಠಿ. ಅವನಿಗೆ ಹಾಲಿನ ಕೆನೆ ಕಂಡರಾಗುತ್ತಿರಲಿಲ್ಲವಂತೆ. ಈಗಲೂ ದಿನಾ ಬೆಳಿಗ್ಗೆ ಕೈ ತಾನಾಗಿ ಕೆನೆ ತೆಗೆಯುತ್ತದಂತೆ, ತೆಗೆದ ಮೇಲೆ ಯಾರಿಗೆಂದು ನೆನಪಾಗುತ್ತದಂತೆ. ಯಾರದೋ ಮಗನ ಕತೆ ಕೇಳುವವನಂತೆ ಕೇಳುತ್ತಿದ್ದೆ. ಅದು ನನ್ನ ಮಗನೆಂದು ತಿಳಿಯುವಷ್ಟರಲ್ಲಿ ಎದೆ ಒಡೆದು ಅಳು ಬಂದಿತ್ತು. ಯಾರೂ ಸಮಾಧಾನ ಮಾಡಲಿಲ್ಲ. ಎದ್ದೂ ಹೋಗಲಿಲ್ಲ.

ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ, "ಮನೆಯಲ್ಲಿ ಯಾಕೆ ಹೇಳ್ಲಿಲ್ಲೆ?" ಎಂದೆ.

"ನಮ್ ಭಾಷೆಯಲ್ಲಿ ಹೆಸ್ರು ಹೇಳ್ರೆ, ಅಮ್ಮಾ ಅಂದ್ ಓಡಿ ಬತ್ನೋ ಅಂದ್ ಹೆದ್ರಿಕೆ" ಎಂದಳು. "ಮರಾಠಿಯಲ್ಲಿ ನಾನ್ ಅವನ್ನ ಕರ್ದದ್ದೇ ಇಲ್ಲ ಅಲ್ದಾ."

ಎರಡು ಲೋಕಲ್ ಬಿಟ್ಟೆವು. ಬೆಂಚಿನ ಮೇಲೆ ಕೂತು, ನಮ್ಮ ಭಾಷೆಯಲ್ಲೇ, ಮೆಲ್ಲಗೆ ಅವನ ಮಾತಾಡಿದೆವು.

ದುಃಖ ಮುಗಿಯಿತೆಂದು ಹೇಳಲಾರೆ. ನಿದ್ದೆ ಮಾತ್ರ ಮರಳಿತು. ಕೆಲ ವರ್ಷಗಳಲ್ಲಿ ಮಗಳು ಹುಟ್ಟಿದಳು. ಹೊರಗಿನವರು ಎಷ್ಟು ಮಕ್ಕಳೆಂದು ಕೇಳಿದರೆ ಮಾತ್ರ "ಒಬ್ಬಳೇ" ಎನ್ನುತ್ತಿದ್ದೆ. ವಿವರಿಸುವ ತ್ರಾಣ ಇರಲಿಲ್ಲ.

ಮೊನ್ನೆ ಮೀಟಿಂಗಿನಲ್ಲಿ ಜಗಳವಾಡದೆ ಮನೆಗೆ ಬಂದೆ. ಸಂಜೆ ಮಗಳನ್ನು ನೋಡಲು ಬೀಗರಾಗುವವರು ಬಂದಿದ್ದರು. ಹುಡುಗನ ತಾಯಿ ಅದೇ ಪ್ರಶ್ನೆ ಕೇಳಿದರು.

"ಇಬ್ಬರು" ಎಂದೆ. "ದೊಡ್ಡವನು ಹರೀಶ. ಸಣ್ಣವನಿರುವಾಗಲೇ ಹೋದ."

ಮಗಳು ಗಾಬರಿಯಿಂದ ಅಮ್ಮನ ಮುಖ ನೋಡಿದಳು. ಸುಮತಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಆ ತಾಯಿಯ ಪಕ್ಕದಲ್ಲೇ ಕೂತಳು. "ಭಾರೀ ಪೋಕ್ರಿ ಇದ್ದ, ಕಾಣಿ" ಎಂದು ಶುರುಮಾಡಿದಳು.