ಕೆಳಮನೆ ಅಕ್ಕನ ಎರಡನೇ ಕಾರು

ಅವರ ಎಡಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಸೇರುತ್ತಿರಲಿಲ್ಲ. ಜಗಳವಾಡಿಕೊಂಡು ದೂರ ಕೂತವರ ಹಾಗೆ ಹೊರಕ್ಕೆ ಚಾಚಿಕೊಂಡಿತ್ತು. ಚಿಕ್ಕಂದಿನಲ್ಲಿ ಗುಂಡಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತು, ಹಲಗೆ ತುಳಿದು ತುಳಿದು ಹಾಗಾಯಿತೆಂದು ಅವರೇ ಹೇಳಿದ್ದರು. ಕಾರು ಹತ್ತಿದ ಕೂಡಲೇ ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಎಸೆಯುತ್ತಿದ್ದರು. ಬರಿಗಾಲಲ್ಲಿ ಕ್ಲಚ್ ತುಳಿಯುವಾಗ ಆ ಹೆಬ್ಬೆರಳು ಮೊದಲು ಹೋಗಿ ಮುಟ್ಟಿ ನೋಡುತ್ತಿತ್ತು. ಆಮೇಲೆ ಪಾದ ಬರುತ್ತಿತ್ತು.

ನನ್ನ ನೆನಪು ಹೀಗೆ ಹೇಳುತ್ತದೆ. ಆದರೆ ಅವರು ಉಡುತ್ತಿದ್ದುದು ದೊಡ್ಡ ಅಂಚಿನ ಹತ್ತಿ ಸೀರೆ. ಅಂಚು ಪಾದವನ್ನು ಮುಚ್ಚಿರಲಿಲ್ಲವೇ? ಪಕ್ಕದ ಸೀಟಿನಲ್ಲಿ ಕೂತ ನನಗೆ ಅಷ್ಟೆಲ್ಲ ಕಂಡಿತೇ? ಗೊತ್ತಿಲ್ಲ. ಇನ್ನು ಮುಂದಿನದನ್ನೂ ಇಷ್ಟೇ ಅನುಮಾನ ಇಟ್ಟುಕೊಂಡು ಓದಬೇಕು.

ನಾನು ತಿರುಪ್ಪೂರಿಗೆ ಬನಿಯನ್ ಕಂಪನಿಯ ಕೆಲಸಕ್ಕೆಂದು ಬಂದು, ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಸೇರಿದವಳು. ಅವರು ಕೆಳಗಿನ ಮನೆಯವರು, ಹಾಗಾಗಿ ಕೆಳಮನೆ ಅಕ್ಕ. ತಲೆಮಾರುಗಳಿಂದ ಅಲ್ಲೇ ಇದ್ದ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವರ ಅತ್ತೆ ತೀರಿಕೊಂಡ ಮೇಲೆ ಮನೆಯೊಳಗಿನ ಕನ್ನಡವೂ ಕಡಿಮೆಯಾಗಿತ್ತು. ಮಗ ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಮುಗಿಸುತ್ತಿದ್ದ. ಮೊಮ್ಮಕ್ಕಳು ಶುರುವನ್ನೂ ಮಾಡುತ್ತಿರಲಿಲ್ಲ. ಅಕ್ಕನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇದನ್ನು ಅವರು ಓದಲಾರರು; ಬದುಕಿದ್ದರೂ ಓದಲಾರರು.

ಬಟ್ಟೆ ಪರೀಕ್ಷಿಸಿ, ಮಡಿಸಿ, ಪೆಟ್ಟಿಗೆ ಕಟ್ಟುವ ಒಂದು ಚಿಕ್ಕ ಶೆಡ್ಡನ್ನು ಅವರು ನಡೆಸುತ್ತಿದ್ದರು. ಮನೆಯಿಂದ ಅಲ್ಲಿಗೆ ಒಂದು ರೈಲ್ವೆ ಕೆಳಸೇತುವೆ, ಒಂದು ಸಂತೆಬೀದಿ, ಲೆಕ್ಕವಿಲ್ಲದಷ್ಟು ರಸ್ತೆಯುಬ್ಬು. ಅಷ್ಟೇ ದೂರ. ನನ್ನ ಕಂಪನಿಯೂ ಅದೇ ಬೀದಿಯ ತುದಿಯಲ್ಲಿತ್ತು. ಮನೆಯಲ್ಲಿ ಎತ್ತರದ ಬಿಳಿ ಕಾರೊಂದಿತ್ತು. ಮದುವೆಗೆ, ಕೊಯಮತ್ತೂರಿನ ಆಸ್ಪತ್ರೆಗೆ, ದೇವಸ್ಥಾನಕ್ಕೆ ಅದು. ಓಡಿಸುವವನು ಮಗ. ಬೆಳಿಗ್ಗೆ ತಾಯಿಯನ್ನು ಶೆಡ್ಡಿನ ಮುಂದೆ ಇಳಿಸಿ, ಸಂಜೆ ಬಂದು ಹತ್ತಿಸಿಕೊಳ್ಳುತ್ತಿದ್ದ.

"ಪಾರ್ಸಲ್ ಇಳಿಸ್ದಂಗೆ ಇಳಿಸ್ತಾನೆ ಕಣ್ಣು," ಎನ್ನುತ್ತಿದ್ದರು ಅಕ್ಕ. ಆ ಸೀಮೆಯವರ ಹಾಗೆ ಅವರಿಗೆ ಪ್ರೀತಿಯವರೆಲ್ಲ 'ಕಣ್ಣು'. "ಮೇಲೆ ವಿಳಾಸ ಒಂದು ಅಂಟಿಸಿಲ್ಲ, ಅಷ್ಟೇ."

ಎರಡನೇ ಕಾರಿನ ಮಾತು ಅವರು ಮೊದಲು ಎತ್ತಿದ್ದು ಕೊಯಮತ್ತೂರಿನ ಡಾಕ್ಟರು ಅವರ ಎಡಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ ಮೇಲೆ. ಇವತ್ತಲ್ಲ ನಾಳೆ ಆಪರೇಷನ್ ಆಗಲೇಬೇಕು, ಆಮೇಲೆ ಆ ಕಾಲಿಗೆ ಮೊದಲಿನ ಬಲ ಬರಲಿಕ್ಕಿಲ್ಲ, ಹೆಚ್ಚು ದಣಿವು ಕೊಡುವಂತಿಲ್ಲ ಎಂದಿದ್ದರು. ಮನೆಗೆ ಬಂದವರೇ ಅಕ್ಕ, ತನಗೊಂದು ಸ್ವಂತ ಚಿಕ್ಕ ಕಾರು ಬೇಕು, ತಾನೇ ಓಡಿಸಬೇಕು ಎಂದರು. ಲೈಸೆನ್ಸ್ ಅವರಲ್ಲಿತ್ತು. ಎಂದೋ ಕಲಿತು, ದೊಡ್ಡ ಕಾರಿನ ಚುಕ್ಕಾಣಿ ಸಿಗದೆ ಬಿಟ್ಟಿದ್ದರು.

ಮಗ ಒಳ್ಳೆಯವನು. ಬೇಡ ಎನ್ನಲಿಲ್ಲ. "ಶರಿಮ್ಮಾ, ತಗೊಳ್ಳೋಣ. ಗೇರ್ ಇಲ್ಲದ ವಂಡಿ ತಗೊಳ್ಳೋಣ. ಸುಮ್ನೆ ಕೂತ್ಕೊಂಡ್ರೆ ಅದೇ ಹೋಗ್ತದೆ. ಈ ಮಂಡಿ ಇಟ್ಕೊಂಡು ಯಾರಾದ್ರೂ ಕ್ಲಚ್ ತುಳೀತಾರಾ?"

"ನನ್ ಕಾಲು ತಾನೇ ತುಳಿಯೋದು? ನಿನ್ ಕಾಲು ಸಾಲ ಕೇಳ್ದೆನಾ?"

"ದಿನಾ ಇಷ್ಟೇ ಇಷ್ಟು ದೂರಕ್ಕೆ ಕ್ಲಚ್ ವಂಡಿ ಯಾಕಮ್ಮಾ?"

"ಇಷ್ಟೇ ಇಷ್ಟು ದೂರ ಅಂತಾನೇ. ಅದ್ರಲ್ಲೂ ಸುಮ್ನೆ ಕೂತ್ಕೊಂಡ್ರೆ ನಾ ಎಲ್ಲಿ ಓಡಿಸ್ದಂಗಾಯ್ತು?" ಆಮೇಲೆ ತಮಗೇ ಹೇಳಿಕೊಳ್ಳುವಂತೆ, "ಮಂಡಿ ಇರೋ ವರೆಗೂ ತಾನೇ ಮಂಡಿಗೆ ಕೆಲಸ," ಎಂದರು.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಬಸ್ಸು ಹತ್ತಿ ಹಳೆಯ ಕಾರು ನೋಡಲು ಹೋಗುವುದು. ಒಮ್ಮೆ ಕುನ್ನತ್ತೂರು, ಒಮ್ಮೆ ಮೆಟ್ಟುಪಾಳ್ಯಂ. ಮೆಟ್ಟುಪಾಳ್ಯಂನಲ್ಲಿ ಕಾರು ಹಿಡಿಸದೆ ಒಂದು ಚೀಲ ಕ್ಯಾರೆಟ್ ತಂದೆವು. ಅಕ್ಕ ಮೈಲೇಜು ಕೇಳುತ್ತಿರಲಿಲ್ಲ, ಟಯರು ನೋಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ನಿಂತ ಕಾರಿನೊಳಗೆ ಕೂತು, ಕಣ್ಣು ಮುಚ್ಚಿ ಕ್ಲಚ್ ತುಳಿದು ಬಿಡುತ್ತಿದ್ದರು. ಮತ್ತೆ ತುಳಿದು ಬಿಡುತ್ತಿದ್ದರು. ಮಾರುವವರು ಗಾಬರಿಯಾಗಿ, "ಅಮ್ಮಾ, ಸ್ಟಾರ್ಟ್ ಪಣ್ಣಿ ಪಾರುಂಗ," ಎಂದು ಸ್ಟಾರ್ಟ್ ಮಾಡಿ ನೋಡಲು ಹೇಳುವರು. "ಇರು ತಂಬಿ," ಎಂದು ಇವರು ಇನ್ನೊಮ್ಮೆ ತುಳಿಯುವರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ತೀರ್ಪು: "ಇದು ಮುನಿಸ್ಕೊಂಡಿರೋ ವಂಡಿ." "ಇದಕ್ಕೆ ಜೀವ ಇಲ್ಲ, ಹಿಟ್ಟು ನಾದಿದಂಗಿದೆ."

ಕನ್ನಡ ನಮಗೆ ಗುಟ್ಟಿನ ಭಾಷೆಯಾಗಿತ್ತು. ಯಾರ ಎದುರಿಗೆ ಬೇಕಾದರೂ ಏನು ಬೇಕಾದರೂ ಆಡಬಹುದಿತ್ತು. ಆ ಧೈರ್ಯ ಧಾರಾಪುರಂ ಬಳಿಯ ಒಂದು ತೋಟದಲ್ಲಿ ಮುರಿದುಬಿತ್ತು.

ಕೊಬ್ಬರಿ ಒಣಗಿಸುವ ಕಣದ ಅಂಚಿನಲ್ಲಿ ಆ ಚಿಕ್ಕ ಕಾರು ನಿಂತಿತ್ತು. ತೋಟದ ಯಜಮಾನರು, ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿದ ಹಿರಿಯರು, ತಮಿಳಿನಲ್ಲಿ ಬರಮಾಡಿಕೊಂಡು ಬಾಗಿಲು ತೆಗೆದರು.

"ಬಣ್ಣ ನೋಡಿದ್ಯಾ ಕಣ್ಣು?" ಅಂದರು ಅಕ್ಕ ನನಗೆ. "ಅರ್ಧ ಹಣ್ಣಾದ ಪಪ್ಪಾಯಿ."

"ಒಳಗೆಲ್ಲ ಕೊಬ್ಬರಿ ವಾಸನೆ ಅಕ್ಕಾ."

"ಇರದೆ ಏನು? ಆ ತಲೆ ನೋಡು. ಇಂಜಿನ್‌ಗೂ ಅದೇ ಎಣ್ಣೆ ಹುಯ್ದಿರ್ತಾರೆ."

ಹಿರಿಯರು ಕಾರಿನ ಮೇಲಿನ ಧೂಳನ್ನು ಹೆಗಲ ಟವೆಲಿನಿಂದ ನಿಧಾನವಾಗಿ ಒರೆಸಿದರು. ಆಮೇಲೆ ಕನ್ನಡದಲ್ಲಿ, "ಇಲ್ಲ ಕಣಕ್ಕಾ, ಇಂಜಿನ್‌ಗೆ ಬೇರೆ ಎಣ್ಣೆ ಹುಯ್ತೀವಿ," ಎಂದರು.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ ಸಾಮೀ! ನಮ್ಮೋರಾ ನೀವು?"

"ನಮ್ಮೋರೇ. ತೋಟದೋರಾದ್ರೆ ಏನು, ಮನೇಲಿ ಕನ್ನಡ ತಾನೇ. ಇನ್ನೂ ಸ್ವಲ್ಪ ಬೈರಿ ಅಕ್ಕಾ, ಕೇಳೋಕೆ ಚೆನ್ನಾಗಿದೆ. ನಮ್ ಮಕ್ಕಳು ತಮಿಳಲ್ಲೇ ಬೈತಾರೆ."

ಅವತ್ತು ಅಕ್ಕ ನಕ್ಕ ನಗು ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಲು ಹೊರಟೆ. ನಗುವಿನ ಸದ್ದು ನೆನಪಿಲ್ಲ. ಕಣದ ಕಾಗೆಗಳು ಎದ್ದು ಹೋದದ್ದು ನೆನಪಿದೆ. ನಕ್ಕು ಸುಸ್ತಾಗಿ ಅವರು ಕಾರಿನೊಳಗೆ ಕೂತರು, ಕಣ್ಣು ಮುಚ್ಚಿದರು, ಕ್ಲಚ್ ತುಳಿದರು. ಬಹಳ ಹೊತ್ತು ಪಾದ ತೆಗೆಯಲಿಲ್ಲ. "ಇದು ಮಾತಾಡ್ತದೆ," ಎಂದರು.

ಆ ಕಾರು ನನ್ನ ನೆನಪಿನಲ್ಲಿ ಹಳದಿ. ಅದನ್ನು ಮನೆಗೆ ಓಡಿಸಿ ತಂದ ಮಗ ಹಸಿರು ಎನ್ನುತ್ತಾನೆ. ಅಕ್ಕನ ಪಪ್ಪಾಯಿಯ ಮಾತು ನಿಜವಾದರೆ ಇಬ್ಬರೂ ಸರಿ.

ಮುಂದಿನ ತಿಂಗಳುಗಳಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಅದೇ ಅವುಗಳ ಸುಖ. ಬೆಳಿಗ್ಗೆ ಹೊರಡುವುದು, ಬಟ್ಟೆಗಂಟು ಹೊತ್ತ ಮೊಪೆಡ್ಡುಗಳ ನಡುವೆ ನುಸುಳುವುದು, ಕೆಳಸೇತುವೆಯಲ್ಲಿ ಬೇಕೆಂದೇ ಹಾರನ್ ಒತ್ತಿ ಅದು ಗುಮ್ಮೆನ್ನುವುದನ್ನು ಕೇಳುವುದು. ಶೆಡ್ಡಿಗೆ ನೆಟ್ಟಗಿನ ದಾರಿ ಬಿಟ್ಟು ನೊಯ್ಯಲ್ ಹೊಳೆಯ ಸೇತುವೆ ಸುತ್ತಿ ಹೋಗುವುದು. "ಲೇಟಾಯ್ತು ಅಕ್ಕಾ," ಎಂದರೆ, "ಓನರಮ್ಮ ಬೈತಾಳಾ? ನಾನೇ ಓನರಮ್ಮ." ಆ ಕಾರಿನೊಳಗೆ ತಮಿಳಿಗೆ ಪ್ರವೇಶವಿರಲಿಲ್ಲ. ಅಡ್ಡ ಬಂದ ಆಟೋದವರನ್ನೂ ಅಕ್ಕ ಕನ್ನಡದಲ್ಲೇ ಬೈಯುತ್ತಿದ್ದರು.

ನನಗೆ ಕಾರು ಕಲಿಸಿದ್ದೂ ಅವರೇ. "ಒಂದು ಕಾಲು ಬಿಡೋವಾಗ ಇನ್ನೊಂದು ಕಾಲಿಗೆ ಅದು ಗೊತ್ತಿರ್ಬೇಕು. ಅವಸರ ಮಾಡಿದ್ಯೋ, ಎಳೆ ಹರೀತು." ಕಾರು ಕೆಮ್ಮಿ ನಿಂತರೆ, "ಹರೀತು, ಗಂಟು ಹಾಕು," ಎನ್ನುವರು. ನಾನು ಮತ್ತೆ ಸ್ಟಾರ್ಟ್ ಮಾಡಬೇಕು. ಇವತ್ತು ಈ ಊರಿನ ಯಾವ ಸಂದಿಯಲ್ಲಾದರೂ ಹೆದರದೆ ಓಡಿಸುತ್ತೇನಲ್ಲ, ಅದು ಅವರು ಕೊಟ್ಟದ್ದು. ತೀರಿಸಲು ಬರುವಂಥ ಋಣವಲ್ಲ.

ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ ಆ ಕಾಲಿಗೆ ಕ್ಲಚ್ ತುಳಿಯುವ ಬಲ ಬರಲಿಲ್ಲ. ಮಗ ಪ್ರೀತಿಯಿಂದ, ಅಲ್ಲಿ ಇಲ್ಲಿ ವಿಚಾರಿಸಿ, ಗೇರಿಲ್ಲದ ಹೊಸ ಕಾರನ್ನು ತಂದು ಹೂಮಾಲೆ ಹಾಕಿ ನಿಲ್ಲಿಸಿದ. ಅಕ್ಕ ಅದನ್ನು ಬೀದಿಯ ಕೊನೆಯವರೆಗೆ ಓಡಿಸಿಕೊಂಡು ಹೋಗಿ ವಾಪಸು ತಂದರು.

"ಹೆಂಗಿದೆ ಅಮ್ಮಾ?"

"ರೊಂಬ ಒಳ್ಳೇ ವಂಡಿ. ನಾ ಇಲ್ದಿದ್ರೂ ಓಡ್ತದೆ."

ಮಗನ ಮುಖ ಸಣ್ಣಗಾಯಿತು. ಅಕ್ಕನೇ ಅವನ ಕೆನ್ನೆ ತಟ್ಟಿ, ಕೀಲಿಕೈಯನ್ನು ಸೊಸೆಗೆ ಕೊಟ್ಟರು. ಶೆಡ್ಡಿಗೆ ಹೋಗುವುದು ಅಪರೂಪವಾಯಿತು.

ಕ್ರಮವಾಗಿ ಹೇಳುವವರು ಸಾವನ್ನು ಕೊನೆಗೆ ಇಡುತ್ತಾರೆ. ನಾನು ಇಲ್ಲೇ ಹೇಳಿಬಿಡುತ್ತೇನೆ. ನಾನು ಊರಿಗೆ ಹೋಗಿದ್ದಾಗ ಅವರು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಮಗ ಚಿಕ್ಕ ಕಾರನ್ನು ಮಾರಿದ. ಅಂಗಳದಲ್ಲಿ ಮೂರು ಕಾರಿಗೆ ಜಾಗವಿರಲಿಲ್ಲ. ಈಗಲೂ ಧಾರಾಪುರಂ ರಸ್ತೆಯಲ್ಲಿ ಚಿಕ್ಕ ಕಾರೊಂದು ಎದುರು ಬಂದರೆ ಅದು ಹಳದಿಯೋ ಹಸಿರೋ ಎಂದು ನೋಡುತ್ತೇನೆ. ದಾಟಿಹೋದ ಮೇಲೂ ಕನ್ನಡಿಯಲ್ಲಿ ನೋಡುತ್ತೇನೆ.

ನನಗೆ ಉಳಿಸಿಕೊಳ್ಳಬೇಕೆನಿಸುವುದು ಆಪರೇಷನ್ನಿನ ನಂತರದ, ಅವರು ಇನ್ನೂ ಇದ್ದಾಗಿನ ಒಂದು ಭಾನುವಾರ. "ನೀ ಓಡ್ಸು, ನಾ ಪಕ್ಕ ಕೂತ್ಕೊತೀನಿ," ಎಂದು ಅಕ್ಕ ಚಿಕ್ಕ ಕಾರಿನ ಬಳಿ ನಿಂತು ಮಹಡಿಯ ಕಡೆ ಮುಖ ಎತ್ತಿ ಕೂಗಿದರು. ಎಲ್ಲಿಗೆ ಎಂದು ಹೇಳಲಿಲ್ಲ. ಶೆಡ್ಡಿನ ಬಾಗಿಲು ಬಂತು. ನಿಲ್ಲಿಸಬೇಡ ಎಂದು ಕೈ ಬೀಸಿದರು. ಊರು ಮುಗಿಯಿತು. ತೆಂಗಿನ ತೋಟಗಳು, ಆಚೆ ಗಾಳಿಯಂತ್ರಗಳು, ಖಾಲಿ ರಸ್ತೆ. ಏನೇನೋ ಮಾತಾಡಿದೆವು. ಅದರಲ್ಲಿ ಒಂದು ಮಾತೂ ನೆನಪಿಲ್ಲ; ಇಲ್ಲಿ ಕಟ್ಟಿ ಸೇರಿಸುವುದಿಲ್ಲ. ನೆನಪಿರುವುದು ಇಷ್ಟು: ಅವರು ಗೇರಿನ ಗುಂಡನ್ನೇ ನೋಡುತ್ತಿದ್ದರು.

"ಇನ್ನೊಂದು ಇದೆಯಲ್ಲಾ ಕಣ್ಣು," ಎಂದರು. "ಐದನೇದು. ಹಾಕು."

ಶೆಡ್ಡಿನ ದಾರಿಯ ಉಬ್ಬುಗಳಲ್ಲಿ ಮೂರನೇ ಗೇರನ್ನು ದಾಟಿದ್ದೇ ಅಪರೂಪ. ಐದನ್ನು ಅವರೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಹಾಕಿದೆ. ಇಂಜಿನ್ನಿನ ಗಲಾಟೆ ಒಮ್ಮೆಗೇ ಇಳಿದು, ಕಾರು ತೇಲಿದ ಹಾಗಾಯಿತು. ಅಕ್ಕ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು. ಗಾಳಿಗೆ ಅವರ ಕೂದಲು ಬಿಚ್ಚಿಕೊಂಡಿತು; ಕಟ್ಟಿಕೊಳ್ಳಲಿಲ್ಲ.

"ಇಷ್ಟು ದಿನ ಇದು ಎಲ್ಲಿತ್ತು?" ಎಂದು ಕೇಳಿದರು.

ಊರಿಗೆ ವಾಪಸು ತಿರುಗಿಸಿಕೊಳ್ಳಬೇಕಾಗಿದ್ದ ಅಡ್ಡರಸ್ತೆ ಹಿಂದಕ್ಕೆ ಹೋಯಿತು. ಅವರು ಅದನ್ನು ನೋಡಿದರು, ನಾನೂ ನೋಡಿದೆ. ನಾನು ಗೇರು ಇಳಿಸಲಿಲ್ಲ.