ಅಕ್ಕನ ಅರ್ಧ

ನನ್ನ ಗೆಳೆಯನನ್ನು ಹೆಸರಿಟ್ಟು ಕರೆಯುವವರು ಕಡಿಮೆ. ರೈಲಿನ ಹುಚ್ಚಿನಿಂದಾಗಿ ಎಲ್ಲರಿಗೂ ಅವನು ಗಾರ್ಡು. ಹೊಟ್ಟೆಪಾಡಿಗೆ ಲಿಫ್ಟ್ ಮೆಕ್ಯಾನಿಕ್. ದೊಡ್ಡ ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಗಳಲ್ಲಿ ಗ್ರೀಸು ಮೆತ್ತಿಕೊಂಡು ಇರುತ್ತಿದ್ದ. "ಬೇರೆಯವರ ರೈಲು ಅಡ್ಡ ಹೋಗುತ್ತೆ, ನನ್ನದು ಮೇಲಕ್ಕೆ ಹೋಗುತ್ತೆ, ಅಷ್ಟೇ" ಎನ್ನುತ್ತಿದ್ದ. ಅಡ್ಡ ಹೋಗುವ ರೈಲು ಅವನ ಮನೆಯ ಮಹಡಿ ಕೋಣೆಯಲ್ಲಿತ್ತು. ಕೋಣೆ ತುಂಬುವಂಥ ಮೇಜು, ಅದರ ಮೇಲೆ ಬೆರಳಗಲದ ಹಳಿ, ರಟ್ಟಿನ ಸುರಂಗ, ಐಸ್‌ಕ್ರೀಮ್ ಕಡ್ಡಿಗಳ ಸೇತುವೆ, ಅಂಗೈ ಮೇಲೆ ಕೂರುವ ಎಂಜಿನ್ನುಗಳು. ಹುಡುಗರಾಗಿದ್ದಾಗ ಅಕ್ಕ ತಮ್ಮ ಸೇರಿ ಶುರುಮಾಡಿದ್ದು. ಅವನಿಗೆ ಕೂದಲು ನೆರೆತರೂ ಅದು ಮುಗಿದಿರಲಿಲ್ಲ. ಮುಗಿಸುವ ಆಸೆಯೂ ಇಬ್ಬರಿಗೂ ಇದ್ದಂತಿರಲಿಲ್ಲ.

ಅಕ್ಕ ಎಂದರೆ ನನಗೂ ಅಕ್ಕನೇ. ಮದುವೆ ಮಾಡಿಕೊಳ್ಳಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಒಬ್ಬರ ದನಿಯನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ. ಯಂತ್ರಗಳು ತಾವೇ ದಾಟಿಸಲು ಕಲಿತ ಮೇಲೆ ಅವರಿಗೆ ಹಾರ ಹಾಕಿ ಕಳಿಸಿದರು.

ಮೇಜಿನ ರೈಲೂ ಒಂದು ರೀತಿ ಎಕ್ಸ್‌ಚೇಂಜೇ. ಹಳೆಯ ಏರ್ಪಾಡಿನಲ್ಲಿ ಹಳಿಯನ್ನು ಎರಡು ಭಾಗ ಮಾಡಿದ್ದರು: ಸುರಂಗದ ಕಡೆಯದು ತಮ್ಮನದು, ಸೇತುವೆಯ ಕಡೆಯದು ಅಕ್ಕನದು. ಇಬ್ಬರ ಮುಂದೆಯೂ ಒಂದೊಂದು ಪೆಟ್ಟಿಗೆ, ಅದಕ್ಕೊಂದು ದಪ್ಪನೆಯ ಕರಿ ತಿರುಪು. ತಿರುಪನ್ನು ತಿರುಗಿಸಿದಷ್ಟು ತಮ್ಮ ಭಾಗದ ಹಳಿಗೆ ಕರೆಂಟು ಹರಿಯುತ್ತದೆ, ಅಷ್ಟು ವೇಗವಾಗಿ ರೈಲು ಓಡುತ್ತದೆ. ರೈಲು ಗಡಿ ದಾಟುವಾಗ ಎರಡು ತಿರುಪುಗಳೂ ಒಂದೇ ಮಟ್ಟದಲ್ಲಿ ಇರಬೇಕು. ಇಲ್ಲವಾದರೆ ಎಂಜಿನ್ ಮುಗ್ಗರಿಸುತ್ತದೆ. ಅದಕ್ಕೇ ಗಾರ್ಡು ಗಡಿಗೆ ಒಂದು ಗೇಣಿರುವಾಗ "ಬಂದೇ ಅಕ್ಕಾ!" ಎಂದು ಕೂಗುವನು. ಅಕ್ಕ "ಬಾ ಬಾ" ಎನ್ನುವರು. ರೈಲು ದಾಟುವುದು. ಭಾನುವಾರ ಮಧ್ಯಾಹ್ನ ಅವರ ಬೀದಿಗೆ ಕಾಲಿಟ್ಟರೆ ಕಿಟಕಿಯಿಂದ ಈ ಎರಡು ಕೂಗು ಕೇಳುತ್ತಿತ್ತು. ಒಬ್ಬರೇ ಓಡಿಸಲು ಆಗದ ರೈಲು ಅದು.

ಅಕ್ಕನ ಬಲಗೈ ನಡುಗಲು ಶುರುವಾಗಿದ್ದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಲೋಟಕ್ಕೆ ಅರ್ಧ ಮಾತ್ರ ಟೀ ತುಂಬುವುದು ರೂಢಿಯಾಯಿತು. ಒಂದು ಭಾನುವಾರ ರೈಲು ಅಕ್ಕನ ಭಾಗಕ್ಕೆ ದಾಟಿದ ಹೊತ್ತಿನಲ್ಲಿ ಕೈ ತಪ್ಪಿ ತಿರುಪು ಪೂರ್ತಿ ತಿರುಗಿಬಿಟ್ಟಿತು. ಸೇತುವೆಯ ತಿರುವಿನಲ್ಲಿ ಎಂಜಿನ್ ಹಾರಿ ನೆಲಕ್ಕೆ ಬಿತ್ತು. ಇಬ್ಬರೂ ಸೇರಿ ಮೊದಲ ಬಾರಿಗೆ ಕೊಂಡ ಕರಿ ಎಂಜಿನ್. ಹೊಗೆಕೊಳವೆ ಮುರಿದಿತ್ತು.

"ಏನೂ ಆಗಿಲ್ಲ ಬಿಡಕ್ಕ" ಎಂದ ಗಾರ್ಡು, ಚೂರುಗಳನ್ನು ಜೇಬಿಗೆ ಹಾಕಿಕೊಳ್ಳುತ್ತಾ.

ಅವತ್ತು ಸಂಜೆಯೇ ನನ್ನ ಅಂಗಡಿಗೆ ಬಂದ. ನನ್ನದು ರೇಡಿಯೋ ರಿಪೇರಿ. ಈಚೆಗೆ ಅಲ್ಲಿ ಗಿರಾಕಿಗಳಿಗಿಂತ ಪುಸ್ತಕಗಳೇ ಹೆಚ್ಚು. "ಅಕ್ಕ ಸಂಬಂಧಿಕರ ಮನೆಗೆ ಹೋಗ್ತಾ ಇದ್ದಾಳೆ. ವಾಪಸ್ ಬರೋಷ್ಟರಲ್ಲಿ ಇಡೀ ಲೈನನ್ನ ಡಿಜಿಟಲ್ ಮಾಡಿಬಿಡೋಣ" ಎಂದ. "ಅವಳು ಆರಾಮಾಗಿ ಕೂತು ನೋಡಿದರೆ ಸಾಕು, ಹಾಗೆ."

ನನಗೂ ಅದು ಒಳ್ಳೆಯ ಮಾತೆನಿಸಿತು. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಉಗುರಿನಷ್ಟು ಚಿಪ್ ಕೂರಿಸಿದೆವು. ಒಂದೊಂದಕ್ಕೂ ಒಂದೊಂದು ನಂಬರು. ಹಳಿಯ ತುಂಬ ಒಂದೇ ಸಮ ಕರೆಂಟು. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ನಂಬರು ಒತ್ತಿದರೆ ಆ ಎಂಜಿನ್ ಮಾತ್ರ ಹೇಳಿದಂತೆ ಕೇಳುತ್ತದೆ. ಗಡಿ ಎಂಬುದೇ ಉಳಿಯಲಿಲ್ಲ. ಎರಡು ಭಾಗಗಳ ನಡುವಿನ ಸೀಳನ್ನು ಬೆಸುಗೆ ಹಾಕಿ ಮುಚ್ಚಿದವನು ನಾನೇ. ಅಕ್ಕನ ಪೆಟ್ಟಿಗೆ ಬಿಚ್ಚಿದ ಜಾಗದಲ್ಲಿ ಪ್ಲೈವುಡ್ ತುಂಡು ಕೂರಿಸಿ, ಗುರುತು ಸಿಗದ ಹಾಗೆ ಹಸಿರು ಬಣ್ಣ ಬಳಿದೆ. ಕೆಲಸ ಚೆನ್ನಾಗಿ ಬಂದಿದೆ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿಕೊಂಡಿದ್ದೂ ನೆನಪಿದೆ.

ಅಕ್ಕ ಬಂದರು. ಅವರಿಗೆಂದು ತಂದಿದ್ದ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದೆವು. ಗಾರ್ಡು ಒಂದೇ ಕೈಯಲ್ಲಿ ಮೂರು ರೈಲು ಓಡಿಸಿ ತೋರಿಸಿದ. ಅಕ್ಕ ರೈಲು ನೋಡಲಿಲ್ಲ, ಹಸಿರು ಬಣ್ಣವನ್ನು ನೋಡಿದರು.

"ನಾನೇನು ಮಾಡಬೇಕು?"

"ಏನೂ ಮಾಡಬೇಡಕ್ಕ. ಇನ್ನು ಮೇಲೆ ಕೂತು ನೋಡಿದರೆ ಸಾಕು."

"ಎಕ್ಸ್‌ಚೇಂಜಿನಲ್ಲೂ ಹೀಗೇ ಹೇಳಿದ್ದರು" ಎಂದು ಅಕ್ಕ ನಕ್ಕರು. "ಅಲ್ಲಿ ಹಾರ ಹಾಕಿದ್ದರು, ನೀವು ಕುರ್ಚಿ ಕೊಟ್ಟಿದ್ದೀರಿ." ಟೀ ಇಡುತ್ತೇನೆಂದು ಕೆಳಗೆ ಹೋದರು. ಮತ್ತೆ ಮಹಡಿ ಹತ್ತಲಿಲ್ಲ. ಕೇಳಿದರೆ ಮಂಡಿ ನೋವು ಎನ್ನುವರು.

ಆಮೇಲಿನ ಗಾರ್ಡು ಬೇರೆಯೇ ಮನುಷ್ಯ. ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರೆ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. "ನಾನು ಅವಳನ್ನ ಎರಡನೇ ಸಲ ರಿಟೈರ್ ಮಾಡಿಬಿಟ್ಟೆ. ಮೊದಲನೇ ಸಲ ಆದಾಗ ಅವಳ ಪಕ್ಕದಲ್ಲೇ ನಿಂತಿದ್ದವನು ನಾನು. ಅವತ್ತಿನ ಮುಖ ನೋಡಿದ್ದವನು. ಆದರೂ ಮಾಡಿದೆ."

"ಹೋಗಿ ತಪ್ಪಾಯ್ತು ಅನ್ನು."

"ಏನು ತಪ್ಪಾಯ್ತು ಅಂತ ಹೇಳಲಿ? ನಿನ್ನ ಕೈ ನಡುಗುತ್ತೆ ಅಂತ ಪೆಟ್ಟಿಗೆ ಕಿತ್ತೆ, ತಪ್ಪಾಯ್ತು ಅನ್ನಲಾ? ಓದಿದವನು ನೀನೇ ಹೇಳು, ಇದಕ್ಕೆ ಮಾತು ಎಲ್ಲಿದೆ."

ನಾನು ಕಪಾಟಿನ ಪುಸ್ತಕಗಳ ಕಡೆ ನೋಡಿದೆ.

ಮಾತು ಸಿಗದೆ ಅವನು ತಂತಿಗಳಲ್ಲಿ ಹುಡುಕಿದ. ಇನ್ನೊಂದು ಕಂಟ್ರೋಲರ್ ತಂದ. ಹೊಸ ಏರ್ಪಾಡಿನಲ್ಲೂ ಒಂದು ಎಂಜಿನ್ನನ್ನು ಒಬ್ಬರು ತಮ್ಮ ಕೈಯಿಂದ ಬಿಟ್ಟುಕೊಟ್ಟು ಇನ್ನೊಬ್ಬರು ಎತ್ತಿಕೊಳ್ಳಬಹುದು ಎಂದು ಪತ್ತೆ ಮಾಡಿದ. ಬಿಟ್ಟುಕೊಟ್ಟ ಮೇಲೆ ಎತ್ತಿಕೊಳ್ಳುವವರೆಗೂ ಅದು ನಿಂತಿರುವಂತೆಯೂ ಮಾಡಿಕೊಂಡ. "ದಾಟಿಸಬಹುದು ಕೇಳಿದೆಯಾ, ದಾಟಿಸಬಹುದು!" ಎಂದು ಅಂಗಡಿಯ ಬಾಗಿಲಿನಿಂದಲೇ ಕೂಗಿದ. ಗಿರಾಕಿಯೊಬ್ಬರು ಬೆಚ್ಚಿ ರೇಡಿಯೋ ಎದೆಗವಚಿಕೊಂಡರು.

ಆ ದಿನಗಳಲ್ಲೇ ಒಮ್ಮೆ ಅವನ ಮನೆಯಲ್ಲಿ ಕರಿ ಎಂಜಿನ್ ಓಡಿಸಿ ನೋಡಿದೆ. ಕಂಟ್ರೋಲರಿನ ತಿರುಪು ತಿರುಗಿಸಿದರೆ ತಕ್ಷಣ ಏಳದು, ಇಳಿಸಿದರೆ ತಕ್ಷಣ ನಿಲ್ಲದು. "ಇದೇನೋ, ಬಸುರಿ ಎಮ್ಮೆ ಹಾಗೆ ಎಳೀತಿದೆ. ಚಿಪ್ ಕೆಟ್ಟಿದೆ, ಎಲ್ಲ ಅಳಿಸಿ ಹೊಸದಾಗಿ ಸೆಟ್ ಮಾಡಿಕೊಡ್ತೀನಿ" ಎಂದು ಅದನ್ನು ಹಳಿಯಿಂದ ಎತ್ತಿಕೊಂಡೆ. ಅವನು ಎಂಜಿನ್ನನ್ನು ನನ್ನ ಕೈಯಿಂದ ಕಿತ್ತುಕೊಂಡು, "ನಿನ್ನ ಬುದ್ಧಿ ಅದಕ್ಕೆ ಬೇಡ. ಎಮ್ಮೆಯೇ ಇರಲಿ" ಎಂದ.

ಉಳಿದದ್ದು ಒಂದೇ ಕೆಲಸ. ಅಕ್ಕನ ಹಳೆಯ ಪೆಟ್ಟಿಗೆಯ ಕರಿ ತಿರುಪನ್ನು ಹೊಸ ಕಂಟ್ರೋಲರಿಗೆ ಕೂರಿಸುವುದು. "ಅವಳ ಬೆರಳಿಗೆ ಅದೇ ಗೊತ್ತು" ಎಂದ. ಅದರ ತೂತು ಚಿಕ್ಕದಾಗಿತ್ತು, ಕೊರೆದು ದೊಡ್ಡದು ಮಾಡಬೇಕಿತ್ತು. ಕಂಟ್ರೋಲರನ್ನೂ ತಿರುಪನ್ನೂ ನನ್ನ ಮೇಜಿನ ಮೇಲಿಟ್ಟು ಹೋದ. ಟೀ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ನಾಳೆ ನೋಡೋಣ ಎಂದು ಡ್ರಾಯರಿನಲ್ಲಿ ಹಾಕಿದೆ. ಹಾಗೆ ಎಷ್ಟೋ ನಾಳೆಗಳು ಹೋದವು. ಅವನು ಬಂದು ಡ್ರಾಯರಿನತ್ತ ನೋಡುವನು, ಕೇಳುತ್ತಿರಲಿಲ್ಲ. ಕೇಳಿ ಬೈದಿದ್ದರೆ ನನಗೆ ಈಗ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಯಾವುದೋ ಕಟ್ಟಡದ ಮೋಟಾರು ಕೋಣೆಯಲ್ಲಿ, ಕೆಲಸ ಮುಗಿಸಿ ಗೋಡೆಗೊರಗಿ ಕೂತ ಗಾರ್ಡು ಮತ್ತೆ ಏಳಲಿಲ್ಲ. ಕೆಳಗೆ ಲಿಫ್ಟು ಸರಿಯಾಗಿ ಓಡುತ್ತಿತ್ತಂತೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದುಹೋಗುವವರ ಸಂದಣಿ ಕರಗಿದ ಮೇಲೆ ತಿರುಪನ್ನು ಕೊರೆದು ಕೂರಿಸಿ ಅಕ್ಕನ ಮನೆಗೆ ಹೋದೆ. ಅವರು ಅಡುಗೆಮನೆಯಲ್ಲಿದ್ದರು. ಕಂಟ್ರೋಲರನ್ನು ಕಟ್ಟೆಯ ಮೇಲಿಟ್ಟು, ಇದು ನಿಮಗೆಂದು ಅವನು ಮಾಡಿಸುತ್ತಿದ್ದದ್ದು, ತಡವಾಗಿದ್ದು ನನ್ನಿಂದ ಎಂದೆ. ಅಕ್ಕ ತಿರುಪನ್ನು ಹೆಬ್ಬೆರಳಿನಿಂದ ಸವರಿದರು.

"ನನಗೆ ಮಂಡಿ ನೋವು ಇರಲೇ ಇಲ್ಲ, ಗೊತ್ತಾ?"

"ಗೊತ್ತಕ್ಕ. ಕುರ್ಚಿ ಕೊಟ್ಟ ಸಿಟ್ಟು."

"ಕುರ್ಚಿ ಸಿಟ್ಟು ವಾರದಲ್ಲೇ ಇಳೀತು. ಅವನ ಎಂಜಿನ್ ಮುರಿದವಳು ನಾನು. ಯಾವ ಮುಖ ಇಟ್ಟುಕೊಂಡು ಹತ್ತಲಿ ಅಂತ." ಕಂಟ್ರೋಲರನ್ನು ಕೈಗೆತ್ತಿಕೊಂಡರು. "ಭಾನುವಾರ ಅವನು ಒಬ್ಬನೇ ಓಡಿಸುವಾಗಲೂ 'ಬಂದೇ ಅಕ್ಕಾ' ಅಂತ ಕೂಗ್ತಿದ್ದ. ರೂಢಿಯೋ ಏನೋ. ಇಲ್ಲಿಗೆ ಚೆನ್ನಾಗಿ ಕೇಳಿಸ್ತಿತ್ತು. ನಾನು ಸೌಟು ಹಿಡಕೊಂಡು ನಿಂತಿರ್ತಿದ್ದೆ. ಬಾ ಅನ್ನೋಕೆ ಏನು ಗಂಟು ಹೋಗ್ತಿತ್ತು ನನಗೆ? ಒಂದು ದಿನವೂ ಅನ್ನಲಿಲ್ಲ."

ಮಹಡಿ ಹತ್ತಿದೆವು. ಅಕ್ಕ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಹಸಿರು ಬಣ್ಣದ ಎದುರು ನಿಂತರು. ನಾನು ಅವನ ಜಾಗದಲ್ಲಿ ನಿಂತು ಕರಿ ಎಂಜಿನ್ ಹೊರಡಿಸಿದೆ. ಹೊಗೆಕೊಳವೆಯನ್ನು ಅವನು ಅಂಟಿಸಿದ್ದ, ಸ್ವಲ್ಪ ವಾಲಿತ್ತು. ಸುರಂಗ ದಾಟಿ, ಬೆಸುಗೆ ಹಾಕಿದ ಹಳೆಯ ಗಡಿಗೆ ಬಂದಾಗ ನಿಲ್ಲಿಸಿ ಬಿಟ್ಟುಕೊಟ್ಟೆ. ಅಕ್ಕ ಎತ್ತಿಕೊಳ್ಳಲಿಲ್ಲ.

"ಕೂಗು. ನೀನು ಕೂಗದೆ ನಾನು ಹೇಗೆ ತಗೊಳ್ಳಲಿ?"

ಅದು ಅವನ ಮಾತು, ನನ್ನ ಬಾಯಿಗೆ ಸೇರಿದ್ದಲ್ಲ. ಆದರೂ ಕೂಗಿದೆ. ನನ್ನ ದನಿ ನನಗೇ ಕಳ್ಳನ ದನಿಯಂತೆ ಕೇಳಿಸಿತು.

"ಬಾ ಬಾ" ಎಂದರು ಅಕ್ಕ, ಮೇಜಿನ ಕಡೆ ನೋಡುತ್ತಾ.

ಅವರ ಕೈ ನಡುಗುತ್ತಿತ್ತು. ತಿರುಪು ಹಿಂದಕ್ಕೂ ಮುಂದಕ್ಕೂ ಅಲುಗುತ್ತಿತ್ತು. ಈಗ ಹಾರುತ್ತದೆ, ಈಗ ಬೀಳುತ್ತದೆ ಎಂದು ನಾನು ತಿರುವಿನತ್ತ ಎರಡೂ ಕೈ ಚಾಚಿ ನಿಂತೆ. ಎಂಜಿನ್ ಹಾರಲಿಲ್ಲ. ನಿಧಾನವಾಗಿ ಎದ್ದು, ಸಮನಾಗಿ ಸೇತುವೆ ಹತ್ತಿತು. ತಿರುಪಿನ ನಡುಕ ಒಂದಿಷ್ಟೂ ಅದರ ಚಕ್ರಗಳಿಗೆ ಮುಟ್ಟುತ್ತಿರಲಿಲ್ಲ.

"ನನ್ನ ಕೈ ನಡುಗ್ತಿದೆ" ಎಂದರು ಅಕ್ಕ. ಆ ಮನೆಯಲ್ಲಿ ಆ ಮಾತನ್ನು ಅವತ್ತು ಮೊದಲ ಬಾರಿ ಕೇಳಿದೆ. "ಇದು ನಡುಗ್ತಾ ಇಲ್ಲವಲ್ಲೋ. ಯಾಕೆ?"

ಚಿಪ್ ಕೆಟ್ಟಿದೆ, ಅಳಿಸಿಕೊಡುತ್ತೇನೆ ಎಂದಿದ್ದ ನನಗೆ ಆಗ ಅರ್ಥವಾಯಿತು. ಅವನು ಎಂಜಿನ್ನಿಗೆ ಕಲಿಸಿ ಹೋಗಿದ್ದ, ಅಕ್ಕನ ಕೈ ಎಷ್ಟೇ ಅಲುಗಲಿ, ಅವಸರಪಡಬೇಡ ಎಂದು.

"ಅವನು ಹಾಗೆ ಮಾಡಿಟ್ಟಿದ್ದಾನಕ್ಕ" ಎಂದೆ. "ನನಗೂ ಹೇಳಿರಲಿಲ್ಲ."

ರೈಲು ಸೇತುವೆಯಿಳಿದು ಸುತ್ತು ಬಳಸಿ ಮತ್ತೆ ನನ್ನ ಕಡೆಯ ಗಡಿಗೆ ಬರುತ್ತಿತ್ತು. ನನ್ನ ಪಾಳಿ. ಅಕ್ಕ ಏನೆಂದು ಕೂಗುತ್ತಿದ್ದರು, ಅದಕ್ಕೆ ಅವನು ಏನೆನ್ನುತ್ತಿದ್ದ ಎಂದು ಇಷ್ಟು ವರ್ಷಗಳಲ್ಲಿ ನಾನು ಕಿವಿಗೊಟ್ಟಿರಲೇ ಇಲ್ಲ. ಕಂಟ್ರೋಲರ್ ಹಿಡಿದು ಕಾದೆ. ಅಕ್ಕ ರೈಲನ್ನು ಗಡಿಗೆ ತಂದು ನಿಲ್ಲಿಸಿದರು. ಆದರೆ ಬಿಟ್ಟುಕೊಡಲಿಲ್ಲ, ತಮ್ಮನಿಗೆಂದಿದ್ದ ಆ ಕೂಗನ್ನು ನನಗೆ ಕೂಗಲೂ ಇಲ್ಲ.