ಆರು ಬೆರಳಿನ ಪಾದ

ಇಂಥ ಕಥೆ ಹೇಳುವವರನ್ನು ನಾನು ನಂಬುತ್ತಿರಲಿಲ್ಲ. ನನ್ನ ಜೆರಾಕ್ಸ್ ಅಂಗಡಿಗೆ ಅರ್ಜಿ ತುಂಬಿಸಲು ಬಂದವರು ಕಾಯುತ್ತ ಕೂತು ದೆವ್ವದ ಮಾತು ತೆಗೆದರೆ, "ಅದು ಆಧಾರ್ ಕಾರ್ಡ್ ತಂದಿತ್ತೇನ್ರೀ?" ಎಂದು ತಮಾಷೆ ಮಾಡುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಮೂರು ವರ್ಷದ ಹಿಂದೆ ಸೂಳೆಕೆರೆಯಲ್ಲಿ ಹಾಡಹಗಲೇ ಕಂಡದ್ದಕ್ಕೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. ಅದನ್ನು ಹೇಳಬೇಕಾದರೆ ಮೊದಲು ನನ್ನ ಹೊಟ್ಟೆಕಿಚ್ಚನ್ನು ಹೇಳಬೇಕು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಹುಟ್ಟಿದ್ದು ಜಗಳೂರಿನಲ್ಲಿ, ಮದುವೆಯಾಗಿ ಬಂದದ್ದು ಚನ್ನಗಿರಿಗೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆ. ಅದರಲ್ಲಿ ಗೆಲ್ಲುವುದು, ಸೋಲುವುದು ಏನೂ ಇಲ್ಲ. ಚೌಕ ಚೌಕದ ಕಲ್ಲು, ಮಣ್ಣು, ಮರ ಜೋಡಿಸಿ ನಮಗೆ ಬೇಕಾದ ಲೋಕ ಕಟ್ಟುವುದು, ಅಷ್ಟೆ. ಆಟದವರು ಕೊಟ್ಟ ಸಾಮಾನು ಸಾಲದಿದ್ದರೆ ನಾವೇ ಹೊಸ ಕಲ್ಲು, ಹೊಸ ಬಾಗಿಲು ಮಾಡಿ ಸೇರಿಸಿ ಬೇರೆಯವರಿಗೂ ಹಂಚಬಹುದು. ಅದಕ್ಕೆ ಮಾಡ್ ಅನ್ನುತ್ತಾರೆ. ನಮ್ಮ ಸುತ್ತಿನ ತಾಲ್ಲೂಕುಗಳ ಇಂಥ ಹುಚ್ಚಿನವರದ್ದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ನಾನೇ ಹಿರಿಯಳು, ಎಲ್ಲರಿಗೂ ಅಕ್ಕ.

ಹತ್ತಿರ ಹತ್ತಿರ ಒಂದು ವರ್ಷ ಕೂತು ನಾನು ಆಟದೊಳಗೆ ನಮ್ಮ ಚನ್ನಗಿರಿಯ ಹತ್ತಿರದ ಸೂಳೆಕೆರೆ ಕಟ್ಟಿದೆ. ಏರಿ, ತೂಬು, ಆಚೆಯ ಗುಡ್ಡ ಎಲ್ಲವೂ ರಸ್ತೆಯ ಮೇಲೆ ನಿಂತು ತೆಗೆದ ಫೋಟೊ ನೋಡಿ ಮಾಡಿದ್ದು. ಕೆರೆಗೆ ಇಳಿಯುವ ಮೆಟ್ಟಿಲಿನ ಕೆಳಗಿನ ಸಾಲು ಮಾತ್ರ ಆ ವರ್ಷ ನೀರಿನೊಳಗಿತ್ತು. ಅದನ್ನು ನಾನು ಕಂಡವಳೇ ಅಲ್ಲ, ಊಹೆಯಿಂದ ಕಟ್ಟಿದೆ. ತೀರಾ ಬೋಳಾಗಿ ಕಂಡಿತೆಂದು ಕೊನೆಯ ಮೆಟ್ಟಿಲ ಮೇಲೆ ಕೆತ್ತಿದ ಹಾಗೆ ಮಗುವಿನ ಎಡಪಾದವೊಂದನ್ನು ಬರೆದೆ.

ಬರೆಯುವುದು ಅಂದರೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬುವುದು. ಒಂದು ಕಲ್ಲಿನ ಅಗಲಕ್ಕೆ ಹದಿನಾರೇ ಚೌಕ. ಬೆರಳಿಗೊಂದು ಚೌಕ, ನಡುವೆ ಒಂದು ಖಾಲಿ. ಅರ್ಜಿ ತುಂಬುತ್ತ, ನಡುನಡುವೆ ಇದನ್ನು ಮಾಡುತ್ತ ಎಲ್ಲೋ ಲೆಕ್ಕ ತಪ್ಪಿ ಆರು ಬೆರಳಾದವು. ಕೊನೆಯ ಎರಡರ ನಡುವೆ ಖಾಲಿ ಬಿಡುವುದೂ ಮರೆತು ಅವು ಒಂದಕ್ಕೊಂದು ಅಂಟಿಕೊಂಡವು. ಅಳಿಸಲು ಹೊರಟವಳು ನಿಲ್ಲಿಸಿದೆ. ಯಾರಾದರೂ ನನ್ನ ಕೆಲಸ ಕದ್ದರೆ ಈ ತಪ್ಪೂ ಅವರ ಜೊತೆ ಹೋಗುತ್ತದೆ, ಸಿಕ್ಕಿಬೀಳುತ್ತಾರೆ ಅನಿಸಿತು. ಯಾರಿಗೂ ಹೇಳದೆ ಹಾಗೇ ಬಿಟ್ಟು ಕೆರೆಯನ್ನು ಗುಂಪಿಗೆ ಹಾಕಿದೆ.

ಆಗ ಬಂದಳು ಶಬಾನಾ. ಹೊನ್ನಾಳಿಯವಳು, ಅಣ್ಣನ ಅಂಗಡಿಯಲ್ಲಿ ಬೈಕುಗಳ ರೇಡಿಯಂ ಸ್ಟಿಕ್ಕರಿಗೆ ಡಿಸೈನ್ ಮಾಡುತ್ತಿದ್ದಳು. "ಅಕ್ಕಾ, ಬಾಗಿಲು ತೆಗೆಯೋ ಹಂಗೆ ಮಾಡಾಕೆ ಏನು ಮಾಡ್ಬೇಕ್ರೀ?" ಎಂದು ಶುರು ಮಾಡಿದವಳಿಗೆ ಎಲ್ಲವನ್ನೂ ಫೋನಿನಲ್ಲಿ ನಾನೇ ಕಲಿಸಿದೆ. ಎಂಟು ತಿಂಗಳಿಗೆ ಗುರುವಿಗೇ ತಿರುಮಂತ್ರ! ಅವಳೂ ಒಂದು ಸೂಳೆಕೆರೆ ಮಾಡಿ ಗುಂಪಿಗೆ ಹಾಕಿದಳು. ಹೊತ್ತು ಇಳಿದಂತೆ ಅವಳ ಕೆರೆಯ ನೀರಿನ ಬಣ್ಣ ಬದಲಾಗುತ್ತಿತ್ತು. ತೆಪ್ಪದವರು ಬಲೆ ಬೀಸುತ್ತಿದ್ದರು. ಜನ ಮೆಚ್ಚಿದ್ದೇ ಮೆಚ್ಚಿದ್ದು. ನನ್ನ ಕೆರೆಯನ್ನು ಕೇಳುವವರೇ ಇಲ್ಲವಾದರು.

ನನಗೆ ಅನ್ನ ಸೇರಲಿಲ್ಲ. "ಆಟದಾಗಿನ ಕೆರೆಗೆ ಇಷ್ಟು ಉರ್ಕೊಂತೀಯಲ್ಲ, ನಿಜವಾದ ಕೆರೆ ನೀರಿಗೂ ಜನ ಇಷ್ಟು ಜಗಳಾಡಲ್ಲ" ಎಂದು ನನ್ನ ಯಜಮಾನರು ನಕ್ಕರು. ಅವಳ ಮಾಡ್ ಇಳಿಸಿಕೊಂಡು ಹುಳುಕು ಹುಡುಕಲು ಕೂತೆ. ಒಂದೊಂದು ಕಲ್ಲನ್ನೂ ನೋಡಿದೆ. ಕೊನೆಯ ಮೆಟ್ಟಿಲಲ್ಲಿತ್ತು ಎಡಪಾದ. ಆರು ಬೆರಳು, ಕೊನೆಯ ಎರಡು ಅಂಟಿಕೊಂಡಿವೆ.

ನಿಜ ಹೇಳಲೇ? ನನಗೆ ಕೋಪ ಬರಲಿಲ್ಲ. ಖುಷಿಯಾಯಿತು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು "ಕಳ್ಳಿ ಸಿಕ್ಕಳು" ಎಂದು ಗುಂಪಿಗೆ ಹಾಕಿದೆ. ಕದ್ದವರನ್ನು ಹೊರಗೆ ಹಾಕುವುದು ನಮ್ಮಲ್ಲಿ ನಿಯಮ. ಸಂಜೆಯೊಳಗೆ ಹಾಕಿದರು. ಹೋಗುವ ಮೊದಲು ಬೈಗುಳಗಳನ್ನೆಲ್ಲ ಅವಳು ಓದಿರಬೇಕು.

ಮರುದಿನ ಫೋನ್ ಮಾಡಿದಳು. "ನಾನ್ಯಾಕೆ ಕದೀಲಿ ಅಕ್ಕಾ? ಅದು ಅಲ್ಲೇ ಐತೆ. ನೀರು ಇಳಿದೈತೆ ಅಂತ ಹೋಗಿ ನೋಡಿ ಬಂದು ಮಾಡೀನಿ. ಬೇಕಾದ್ರೆ ನೀವೇ ಬಂದು ನೋಡ್ರಿ."

ಎಷ್ಟು ಧೈರ್ಯ ಇವಳಿಗೆ ಅನಿಸಿತು. ಬಾಯಿ ಮುಚ್ಚಿಸಿಯೇ ಬರೋಣವೆಂದು ಭಾನುವಾರ ಸೂಳೆಕೆರೆಯ ಬಸ್ಸು ಹತ್ತಿದೆ. ಅವಳು ತಾಯಿಯ ಜೊತೆ ಬಂದಿದ್ದಳು. ನಾವಿಬ್ಬರೂ ಅವತ್ತೇ ಮೊದಲು ಮುಖ ನೋಡಿದ್ದು. ಫೋಟೊದಲ್ಲಿ ಕಂಡದ್ದಕ್ಕಿಂತ ಚಿಕ್ಕ ಹುಡುಗಿ. ತಾಯಿ ಬುತ್ತಿ ಬಿಚ್ಚುತ್ತ, "ಮೊದ್ಲು ಊಟ ಮಾಡ್ರಿ. ನನ್ನ ಮಗಳಿಗೆ ಕಳ್ಳಿ ಅನ್ನೋದು ಆಮೇಲೆ ಇದ್ದೇ ಐತೆ" ಅಂದರು. ಊಟ ಬೇಡವೆಂದೆ.

ಬೇಸಿಗೆಗೆ ನೀರು ಬಹಳ ಹಿಂದೆ ಸರಿದಿತ್ತು. ಮೆಟ್ಟಿಲುಗಳ ಮೇಲೆ ಕೆಸರು ಒಣಗಿ ಬಿರಿದಿತ್ತು. ಕೊನೆಯ ಮೆಟ್ಟಿಲಿಗೆ ಶಬಾನಾ ಬಾಟಲಿಯ ನೀರು ಸುರಿದು ದುಪಟ್ಟಾದ ತುದಿಯಿಂದ ಉಜ್ಜಿದಳು.

ಪಾದ ಇತ್ತು. ಮಗುವಿನ ಎಡಪಾದ. ನಾನು ಬೆರಳಿಟ್ಟು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ಆರು. ಕೊನೆಯ ಎರಡರ ನಡುವೆ ಉಳಿಯ ಗೆರೆಯೇ ಇರಲಿಲ್ಲ. ಹತ್ತಿರದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರು, "ಅದಾ? ನಾನು ಹುಟ್ಟಾಕೆ ಮುಂಚಿಂದ ಐತೆ ಕಣವ್ವ. ನೀರು ಇಳಿದಾಗ ಮಾತ್ರ ಕಾಣ್ತದೆ" ಅಂದರು. ನಾನು ಮೂರನೆಯ ಸಲ ಎಣಿಸಿದೆ. ಅಲ್ಲೇ ಕೂತುಬಿಟ್ಟೆ.

ನೀವು ಕೇಳಬಹುದು, ಚಿಕ್ಕವಳಿದ್ದಾಗ ಬಂದಿರಬಹುದಲ್ಲ ಎಂದು. ಅಮ್ಮನನ್ನು ಕೇಳಿದೆ, ಮದುವೆಗೆ ಮೊದಲು ಈ ಕಡೆ ಕಾಲಿಟ್ಟವಳಲ್ಲ ನಾನು, ಆಮೇಲೂ ರಸ್ತೆಯಿಂದ ಕೆಳಗೆ ಇಳಿದದ್ದಿಲ್ಲ. ಎಲ್ಲೋ ಫೋಟೊ ನೋಡಿರಬಹುದು ಅನ್ನುತ್ತೀರಿ. ಹುಡುಕದ ಜಾಗವಿಲ್ಲ, ಸಿಗಲಿಲ್ಲ. ನೋಡಿಯೇ ಬರೆದೆ ಅಂತಲೇ ಇಟ್ಟುಕೊಳ್ಳಿ, ನನ್ನ ಲೆಕ್ಕ ತಪ್ಪಿದ್ದು ನನಗೆ ಚೆನ್ನಾಗಿ ನೆನಪಿದೆ. ಅಳಿಸಲು ಕೈ ಎತ್ತಿದ್ದೂ ನೆನಪಿದೆ.

ಶಬಾನಾ ನನ್ನ ಪಕ್ಕ ಕೂತಳು. "ನೀವೂ ಇಲ್ಲೇ ನೋಡಿ ಮಾಡಿದ್ರಿ, ನಾನೂ ಇಲ್ಲೇ ನೋಡಿ ಮಾಡಿದೆ. ಹಂಗಂತ ಒಂದು ಮಾತು ಬರೀರಿ ಅಕ್ಕಾ, ಸಾಕು."

ನಾನು ನೋಡಿಯೇ ಇಲ್ಲ ಎಂದು ಹೇಳಬಹುದಿತ್ತು. ಯಾರು ನಂಬುತ್ತಾರೆ? ಅವಳನ್ನು ಕಳ್ಳಿ ಮಾಡಲು ಹೊಸ ಕಥೆ ಕಟ್ಟಿದಳು ಅನ್ನುತ್ತಿದ್ದರು. ಅವಳ ತಾಯಿ ಮೇಲಿನಿಂದ ನಮ್ಮನ್ನೇ ನೋಡುತ್ತಿದ್ದರು. ಅಲ್ಲೇ ಕೂತು ಬರೆದೆ: ಪಾದ ಕೆರೆಯಲ್ಲಿದೆ, ಶಬಾನಾ ಕದ್ದಿಲ್ಲ, ನಾನೂ ಇದನ್ನೇ ನೋಡಿ ಮಾಡಿದ್ದು. ಅವಳನ್ನು ಮತ್ತೆ ಸೇರಿಸಿಕೊಂಡರು. ಅಕ್ಕನದು ದೊಡ್ಡ ಮನಸ್ಸು ಎಂದು ಹೊಗಳಿದರು. ಅವಳ ಮಾಡ್ ಇನ್ನಷ್ಟು ಓಡಿತು, ಓಡಲಿ. ಆಮೇಲೆ ಬುತ್ತಿಯ ಊಟವನ್ನೂ ಮಾಡಿದೆ.

ಈಗ ಶಬಾನಾಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇರುವುದು ಆ ಪಾದ ಕೆತ್ತಿದ ಕಲ್ಲುಕುಟಿಗನ ಮೇಲೆ. ಯಾರೋ, ಯಾವ ಕಾಲದವನೋ ಗೊತ್ತಿಲ್ಲ. ಅವನಿಗೂ ಲೆಕ್ಕ ತಪ್ಪಿತ್ತೇ, ಅಂಥ ಮಗುವೇ ಇತ್ತೇ, ಕೇಳುವುದಾದರೂ ಯಾರನ್ನು? ನಾನು ಆಟದಲ್ಲಿ ಕಟ್ಟಿದ ಇಡೀ ಕೆರೆಯಲ್ಲಿ ಫೋಟೊ ನೋಡದೆ, ಯಾರನ್ನೂ ಕೇಳದೆ, ನಾನೇ ಸ್ವಂತ ಮಾಡಿದ್ದು ಎಂದು ಇದ್ದದ್ದು ಒಂದು ತಪ್ಪು ಮಾತ್ರ. ಅದನ್ನೂ ಅವನು ನನಗಿಂತ ಮೊದಲೇ ಮಾಡಿಟ್ಟು ಹೋಗಿದ್ದ.